ನೆಂಟನೋ ಕಳ್ಳನೋ

ಆ ಆಸ್ಪತ್ರೆಯ ನೆಲಮಾಳಿಗೆಗೆ ಯಾರೂ ಬೇಕೆಂದು ಇಳಿಯುತ್ತಿರಲಿಲ್ಲ. ಬಟ್ಟೆ ಒಗೆಯುವ ಯಂತ್ರಗಳು, ಕಾಲು ಮುರಿದ ಮಂಚಗಳು, ಗುರುಗುಟ್ಟುವ ಜನರೇಟರು, ಅವುಗಳ ಆಚೆ ಒಂದು ಹಸಿರು ಬಾಗಿಲು. ಬಾಗಿಲ ಹಿಂದೆ ರೋಗಾಣುಗಳನ್ನು ಬೆಳೆಸಿ ನೋಡುವ ಲ್ಯಾಬು. ಅಲ್ಲಿ ವರ್ಷಾನುಗಟ್ಟಲೆಯಿಂದ ಕೂತಿದ್ದವಳಿಗೆ ಆಸ್ಪತ್ರೆಯವರೆಲ್ಲ ಸೇರಿ ಪಾತಾಳದಕ್ಕ ಎಂದು ಹೆಸರಿಟ್ಟುಬಿಟ್ಟಿದ್ದರು. ಅವಳಿಗೆ ಅದರಿಂದ ಬೇಜಾರೇನೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳನ್ನು ಕರೆಯುವ ಜನರೇ ಕಡಿಮೆಯಾಗಿದ್ದರು. ಪಾತಾಳವೋ ಪರಲೋಕವೋ, ಯಾರಾದರೂ ಕರೆದರೆ ಸಾಕಿತ್ತು.

ಅವಳ ಕೆಲಸ ಹೇಳುವುದಕ್ಕೆ ಸುಲಭ. ಮೇಲಿನ ಮಹಡಿಗಳಲ್ಲಿ ಯಾರಿಗೋ ಜ್ವರ ಇಳಿಯುವುದಿಲ್ಲ. ಅವರ ರಕ್ತವೋ ಮೂತ್ರವೋ ಕೀವೋ ಕೆಳಗೆ ಬರುತ್ತದೆ. ಅದನ್ನು ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಆಹಾರದ ಮೇಲೆ ಗೀರಿ ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಪೆಟ್ಟಿಗೆಯಲ್ಲಿ ಮಲಗಿಸಿದರೆ ಮರುದಿನ ಬೆಳಿಗ್ಗೆ ಚುಕ್ಕಿಚುಕ್ಕಿಯಾಗಿ ಏನೋ ಬೆಳೆದಿರುತ್ತದೆ. ಅದು ಯಾರು ಎಂದು ಪತ್ತೆ ಹಚ್ಚುವುದು ಅರ್ಧ ಕೆಲಸ. ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯುವುದು ಉಳಿದರ್ಧ. ಅದಕ್ಕಾಗಿ ಬೆಳೆದದ್ದನ್ನು ಇನ್ನೊಂದು ತಟ್ಟೆಯ ತುಂಬ ಸವರಿ, ಔಷಧಿ ಹೀರಿಕೊಂಡ ಪುಟ್ಟ ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಡಬೇಕು. ರೋಗಾಣು ಹೆದರುವ ಬಿಲ್ಲೆಯ ಸುತ್ತ ಏನೂ ಬೆಳೆಯದ ಒಂದು ಬೋಳು ವೃತ್ತ ಬೀಳುತ್ತದೆ. ಅದನ್ನು ಅವಳು ಅಂಗಳ ಎನ್ನುತ್ತಿದ್ದಳು. ಅಂಗಳ ಅಗಲವಾಗಿದ್ದರೆ ಆ ಔಷಧಿ ಕೆಲಸ ಮಾಡುತ್ತದೆ. ಬಿಲ್ಲೆಯ ಅಂಚಿಗೇ ಬಂದು ಬೆಳೆದು ಕೂತಿದ್ದರೆ, ಆ ಔಷಧಿಯನ್ನು ರೋಗಿಗೆ ಕೊಡುವುದೂ ಒಂದೇ, ಮೋರಿಗೆ ಸುರಿಯುವುದೂ ಒಂದೇ.

ಇದರಲ್ಲಿ ಒಂದು ಫಜೀತಿಯಿದೆ. ನಮ್ಮೆಲ್ಲರ ಚರ್ಮದ ಮೇಲೆ ಯಾರ ತಂಟೆಗೂ ಹೋಗದೆ ಬದುಕಿಕೊಂಡಿರುವ ಒಂದು ಬಡಪಾಯಿ ರೋಗಾಣು ಉಂಟು. ರಕ್ತ ತೆಗೆಯಲು ಸೂಜಿ ಚುಚ್ಚಿದಾಗ ಅದೂ ಜೊತೆಗೆ ಬಾಟಲಿಯೊಳಕ್ಕೆ ನುಗ್ಗಿಬಿಡುತ್ತದೆ. ಲ್ಯಾಬಿನಲ್ಲಿ ಚೆನ್ನಾಗಿ ಬೆಳೆದು, ತಾನೇ ಜ್ವರಕ್ಕೆ ಕಾರಣ ಎಂಬಂತೆ ಪೋಸು ಕೊಡುತ್ತದೆ. ಹಾಗೆಂದೇ ರಕ್ತವನ್ನು ಎರಡು ಕೈಗಳಿಂದ ಬೇರೆಬೇರೆಯಾಗಿ ತೆಗೆದು ಎರಡು ಬಾಟಲಿ ಕಳಿಸುವುದು. ಎರಡರಲ್ಲೂ ಬೆಳೆದರೆ ಅದು ರಕ್ತದಲ್ಲೇ ಇರುವ ಕಳ್ಳ. ಒಂದರಲ್ಲಿ ಮಾತ್ರ ಬೆಳೆದರೆ, ಸೂಜಿಯ ಜೊತೆ ಬಂದ ನೆಂಟ. ಅವನಿಗೆ ಮರ್ಯಾದೆ ಕೊಡಬೇಕಾಗಿಲ್ಲ. ಆದರೆ ಹೃದಯದೊಳಗೆ ವಾಲ್ವ್ ಎನ್ನುವ ಕೃತಕ ಕವಾಟವನ್ನೋ ಮೈಯೊಳಗೆ ಇನ್ನೇನನ್ನೋ ಹಾಕಿಸಿಕೊಂಡವರ ವಿಷಯ ಬೇರೆ. ಅಂಥ ಹೊರಗಿನ ವಸ್ತು ಕಂಡರೆ ಇದೇ ಬಡಪಾಯಿ ಅದರ ಮೇಲೆ ಹೋಗಿ ಬಿಡಾರ ಹೂಡುತ್ತಾನೆ, ಆಮೇಲೆ ಮನೆಯನ್ನೇ ನುಂಗುತ್ತಾನೆ. ಆದ್ದರಿಂದ ನೆಂಟ ಎಂದು ಬರೆಯುವ ಮೊದಲು ವಾರ್ಡಿಗೆ ಫೋನ್ ಮಾಡಿ ಕೇಳುವುದು ಪಾತಾಳದಕ್ಕನ ಪದ್ಧತಿ. ಫಾರಂ ಬರೆಯುವ ಡಾಕ್ಟರುಗಳಿಗೆ ಪುರುಸೊತ್ತು ಎಲ್ಲಿರುತ್ತದೆ, 'ಜ್ವರ' ಎಂದು ಗೀಚಿ ಓಡುತ್ತಾರೆ.

ನೆಂಟ, ಕಳ್ಳ ಎಂಬ ಹೆಸರುಗಳು ಅವಳ ಸ್ವಂತದವಲ್ಲ. ಅವು ಫೋನಿನಿಂದ ಬಂದವು. ನಾಲ್ಕನೇ ಮಹಡಿಯ ಹೆಂಗಸರ ವಾರ್ಡಿನ ಸಿಸ್ಟರ್ ಒಬ್ಬಳು ದಿನಾ ಬೆಳಿಗ್ಗೆ, ತಟ್ಟೆಗಳನ್ನೆಲ್ಲ ಓದಿ ಮುಗಿಯುವ ಹೊತ್ತಿಗೆ ಸರಿಯಾಗಿ ಫೋನ್ ಮಾಡುತ್ತಿದ್ದಳು. ಪಾತಾಳದಲ್ಲಿ ಎಲ್ಲ ಕ್ಷೇಮವೇ ಎಂದು ವಿಚಾರಿಸುತ್ತಿದ್ದಳು. ಮಾಳಿಗೆಯಲ್ಲಿ ಬಿಸಿಲಿದೆಯೇ ಎಂದು ಇವಳು ಕೇಳುತ್ತಿದ್ದಳು, ಏಕೆಂದರೆ ಇಲ್ಲಿ ಕಿಟಕಿಯಿಲ್ಲ. ಆಮೇಲೆ ಕೆಲಸದ ಮಾತು. ಬಾಗಿಲ ಪಕ್ಕದ ಹಾಸಿಗೆಯ ಅಜ್ಜಿಯದು ನೆಂಟನಾ ಕಳ್ಳನಾ, ಯಾವ ಔಷಧಿಗೆ ಹೆದರ್ತಾನೆ, ಯಾವುದಕ್ಕೆ ಕ್ಯಾರೇ ಅನ್ನಲ್ಲ. ಕೆಲಸದ ಮಾತು ಮುಗಿದ ಮೇಲೆ ಅವಳು ಸುಮ್ಮನೆ ಫೋನ್ ಇಡುವವಳಲ್ಲ. ಹೊಸ ಚಪ್ಪಲಿ ಕಚ್ಚಿದ್ದು, ಬಸ್ಸಿನಲ್ಲಿ ಯಾರೋ ತನ್ನ ಹೆಗಲ ಮೇಲೆ ನಿದ್ದೆ ಹೊಡೆದದ್ದು, ಎಲ್ಲ ಬರಬೇಕು. ಪಾತಾಳದಕ್ಕ ದಿನವಿಡೀ ಆಡುತ್ತಿದ್ದ ಮಾತುಗಳಲ್ಲಿ ಮುಕ್ಕಾಲು ಪಾಲು ಆ ಫೋನಿಗೇ ಖರ್ಚಾಗುತ್ತಿದ್ದವು.

ಇಬ್ಬರಲ್ಲಿ ದೊಡ್ಡವರು ಯಾರು ಎಂಬ ಜಗಳ ಮೊದಲ ವರ್ಷವೇ ತೀರ್ಮಾನವಾಗಿತ್ತು.

"ಕಟ್ಟಡಕ್ಕೆ ಮೊದಲು ಹಾಕೋದು ಅಡಿಪಾಯ ತಾನೇ? ಹಾಗಾದ್ರೆ ಕೆಳಗಿರೋರೇ ಅಕ್ಕ," ಎಂದಿದ್ದಳು ಸಿಸ್ಟರ್.

ಅಂದಿನಿಂದ ಇವಳು ಪಾತಾಳದಕ್ಕ, ಅವಳು ಮಾಳಿಗೆ ತಂಗಿ. ಇವಳ ಅಡ್ಡಹೆಸರನ್ನು ಆಸ್ಪತ್ರೆಯ ತುಂಬ ಹಬ್ಬಿಸಿದವಳೂ ಅವಳೇ. ನಿಜವಾದ ಹೆಸರನ್ನು ಇಬ್ಬರೂ ಕೇಳಲಿಲ್ಲ. ಮೊದಮೊದಲು ಕೇಳಲು ನೆನಪಾಗಲಿಲ್ಲ; ಆಮೇಲೆ ಕೇಳಿದರೆ ಇಷ್ಟು ದಿನ ಗೊತ್ತಿರಲಿಲ್ಲವೇ ಎಂದು ನಾಚಿಕೆಯಾಗುವಷ್ಟು ಕಾಲ ಕಳೆದುಹೋಗಿತ್ತು.

ಮುಖವನ್ನೂ ನೋಡಿರಲಿಲ್ಲ. ಕೇಳಿದವರು ನಗಬಹುದು, ಒಂದೇ ಕಟ್ಟಡವಲ್ಲವೇ ಎಂದು. ಲ್ಯಾಬಿನವರದು ಹಿಂದಿನ ಬಾಗಿಲು, ವಾರ್ಡಿನವರದು ಮುಂದಿನ ಬಾಗಿಲು, ಡ್ಯೂಟಿಯ ಹೊತ್ತೂ ಬೇರೆ. ಒಮ್ಮೆ ಮಾಳಿಗೆ ತಂಗಿಯೇ ಹಟ ಹಿಡಿದು ಕ್ಯಾಂಟೀನಿನಲ್ಲಿ ಸಿಗೋಣ ಎಂದಳು. ಪಾತಾಳದಕ್ಕ ಹೋದಳು, ನಿಜ. ಒಳಗೆ ನಾಲ್ಕಾರು ಜನ ಬಿಳಿ ಬಟ್ಟೆಯವರು ಕೂತಿದ್ದರು. ಅವರಲ್ಲಿ ಯಾರು ಎಂದು ಕೇಳಿದ್ದರೆ ಅರ್ಧ ನಿಮಿಷದ ಕೆಲಸ. ಅವಳು ಬಾಗಿಲಲ್ಲೇ ನಿಂತಳು. ಫೋನಿನಲ್ಲಿ ಅವಳು ಚುರುಕು ಮಾತಿನ ಅಕ್ಕ. ಎದುರಿಗೆ ಬಂದರೆ ನರೆಗೂದಲಿನ, ಬೆರಳಿಗೆಲ್ಲ ನೇರಳೆ ಬಣ್ಣ ಮೆತ್ತಿಕೊಂಡ ಒಬ್ಬ ಹೆಂಗಸು. ನೋಡಿದ ಮೇಲೆ ಆ ಫೋನ್ ಮೊದಲಿನಂತೆ ಬಾರದಿದ್ದರೆ? ಹಾಗೆಂದುಕೊಂಡು ಬಂದ ದಾರಿ ಹಿಡಿದಳು. ಮರುದಿನ ಕೆಲಸ ಬಂತು ಎಂದು ಸುಳ್ಳು ಹೇಳಿದಳು. ತನಗೂ ಕೆಲಸ ಬಂತು ಎಂದಳು ಮಾಳಿಗೆ ತಂಗಿ. ಅದು ನಿಜವೋ ಸುಳ್ಳೋ ಇವಳಿಗೆ ತಿಳಿಯಲಿಲ್ಲ. ಇಬ್ಬರೂ ಅದನ್ನು ಮತ್ತೆ ಎತ್ತಲಿಲ್ಲ.

ಮುಖ ಗೊತ್ತಿಲ್ಲದಿದ್ದರೂ ಪಾತಾಳದಕ್ಕನಿಗೆ ಅವಳ ಬಗ್ಗೆ ಗೊತ್ತಿದ್ದ ಒಂದು ವಿಷಯ ಬಹುಶಃ ವಾರ್ಡಿನವರಿಗೂ ಗೊತ್ತಿರಲಿಲ್ಲ. ಮಾತಿನ ಮಧ್ಯೆ ಯಾರಾದರೂ ರೋಗಿ ಕರೆದರೆ ಮಾಳಿಗೆ ತಂಗಿ ರಿಸೀವರನ್ನು ಎದೆಗೆ ಒತ್ತಿಕೊಂಡು ಅವರಿಗೆ ಉತ್ತರ ಕೊಡುತ್ತಿದ್ದಳು. ಆಗ ಇಲ್ಲಿ ಅವಳ ದನಿ ಮುಸುಕಿ, ಅದರ ಬದಲು ಟಿಕ್ ಟಿಕ್ ಎಂದು ಒಂದು ಸಣ್ಣ ಸದ್ದು ಕೇಳಿಸುತ್ತಿತ್ತು. ಸಿಸ್ಟರುಗಳು ಎದೆಗೆ ಸಿಕ್ಕಿಸಿಕೊಳ್ಳುವ ಗಡಿಯಾರ ಇರುತ್ತದಲ್ಲ, ಅದು ಎಂದುಕೊಂಡಿದ್ದಳು ಪಾತಾಳದಕ್ಕ. ಆ ಸದ್ದು ಅವಳಿಗೆ ಇಷ್ಟ. ಲ್ಯಾಬಿನ ಯಂತ್ರಗಳು ಗುಂಯ್ ಎನ್ನುತ್ತವೆ, ಬೀಪ್ ಎನ್ನುತ್ತವೆ; ಈ ಸದ್ದಿನಲ್ಲಿ ಮಾತ್ರ ಯಾರೋ ಹತ್ತಿರ ನಿಂತ ಹಾಗೆ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಫೋನ್ ಬರಲಿಲ್ಲ. ತಟ್ಟೆಗಳನ್ನು ಓದಿ, ಬರೆದು, ಮೇಜು ಒರೆಸಿ, ಇನ್ನೊಮ್ಮೆ ಒರೆಸಿ, ಕೊನೆಗೆ ತಾನೇ ಮಾಡಿದಳು. ಎತ್ತಿದ್ದು ಹೊಸ ದನಿ. ಚಿಕ್ಕ ವಯಸ್ಸಿನದು, ಇಸ್ತ್ರಿ ಹಾಕಿದಂತೆ ನೆಟ್ಟಗಿತ್ತು.

"ಅವರು ರಜೆಯಲ್ಲಿದಾರೆ ಮೇಡಂ," ಎಂದಿತು.

ಎಷ್ಟು ದಿನ, ಎಲ್ಲಿಗೆ ಎಂದು ಕೇಳಿದ್ದಕ್ಕೆ ಗೊತ್ತಿಲ್ಲ ಎಂದಿತು. ರಿಪೋರ್ಟ್ ಹೇಳಿ, ಬರ್ಕೋತೀನಿ ಎಂದಿತು. ಬರೆದುಕೊಂಡ ಕೂಡಲೇ ಫೋನ್ ಇಟ್ಟಿತು.

ಪಾತಾಳದಕ್ಕನಿಗೆ ಚುರುಕ್ ಎಂದಿತು. ಚಪ್ಪಲಿ ಕಚ್ಚಿದ್ದನ್ನು ಹೇಳುವವಳಿಗೆ ರಜೆ ಹಾಕುತ್ತೇನೆ ಎಂದು ಹೇಳಲು ಬಾಯಿ ಬರಲಿಲ್ಲವೇ? ಎರಡನೆಯ ದಿನ ಅವಳು ಮುಖ ಊದಿಸಿಕೊಂಡೇ ಕೆಲಸ ಮಾಡಿದಳು, ನೋಡುವವರು ಯಾರೂ ಇಲ್ಲದಿದ್ದರೂ. ಹೇಳಿ ಹೋಗಲು ನಾನು ಅವಳಿಗೆ ಯಾರು, ಅಕ್ಕನೇ ಅತ್ತೆಯೇ, ಎಂದು ಇನ್‌ಕ್ಯುಬೇಟರಿನ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿದಳು. ಸಂಜೆ ಬಾಡಿಗೆ ಮನೆಗೆ ಹೋಗಿ ಒಬ್ಬಳಿಗೆಂದು ಅಡುಗೆ ಮಾಡಿ, ಎಂದಿನಂತೆ ಅಂದಾಜು ತಪ್ಪಿ ಇಬ್ಬರಿಗಾಗುವಷ್ಟು ಮಾಡಿ, ಅರ್ಧ ಎತ್ತಿಟ್ಟಳು. ಬೇರೆ ಊರಿನಲ್ಲಿದ್ದ ತಮ್ಮ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಅವನ ಹೆಂಡತಿ ಹಿಂದಿನಿಂದ, ಅತ್ತಿಗೆ ಇಲ್ಲಿಗೇ ಬಂದಿರಬಾರದಾ ಎನ್ನುತ್ತಿದ್ದಳು, ಬಂದುಬಿಟ್ಟಾರು ಎಂಬ ಭಯ ದನಿಯಲ್ಲಿ ಇಣುಕುವ ಹಾಗೆ. ಈ ಸಲ ಫೋನ್ ಬಂದಾಗ ಪಾತಾಳದಕ್ಕ ತಲೆನೋವು ಎಂದು ಬೇಗ ಇಟ್ಟುಬಿಟ್ಟಳು. ಅವಳಿಗೆ ಬೇಕಾಗಿದ್ದ ದನಿ ಅದಲ್ಲ.

ಅದೇ ದಿನಗಳಲ್ಲಿ ನಾಲ್ಕನೇ ಮಹಡಿಯಿಂದ ಒಬ್ಬ ಹೆಂಗಸಿನ ರಕ್ತದ ಬಾಟಲಿಗಳು ಬಂದವು. ಫಾರಂನಲ್ಲಿದ್ದದ್ದು ಬಸ್ಸಿನಲ್ಲಿ ಕೂಗಿದರೆ ಮೂವರು ತಿರುಗಿ ನೋಡುವಂಥ ಹೆಸರು; ಕಾಯಿಲೆಯ ಜಾಗದಲ್ಲಿ ಯಥಾಪ್ರಕಾರ 'ಜ್ವರ'. ಬಾಟಲಿಯಲ್ಲಿ ಏನಾದರೂ ಬೆಳೆದರೆ ಕೂಗಿ ಹೇಳುವ ಯಂತ್ರ ಒಂದು ಬಾಟಲಿಗೆ ಬೀಪ್ ಎಂದಿತು. ಇನ್ನೊಂದು ತೆಪ್ಪಗಿತ್ತು. ಗಾಜಿನ ಮೇಲೆ ಹಚ್ಚಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇರಳೆ ದ್ರಾಕ್ಷಿ ಗೊಂಚಲುಗಳು. ತಟ್ಟೆಯಲ್ಲಿ ಬೆಳೆದದ್ದು ಬಿಳಿಯ ಸಣ್ಣ ಚುಕ್ಕಿಗಳು. ಮೊಲದ ರಕ್ತದ ತಿಳಿಯಲ್ಲಿ ಕಲಸಿಟ್ಟು ನೋಡಿದಳು. ಕೆಟ್ಟ ಜಾತಿಯದಾಗಿದ್ದರೆ ತಿಳಿ ಹೆಪ್ಪುಗಟ್ಟಬೇಕಿತ್ತು. ಕೊಳವೆ ಓರೆ ಮಾಡಿದರೆ ನೀರಿನಂತೆ ಹರಿಯಿತು. ಅಂದರೆ ಚರ್ಮದ ಬಡಪಾಯಿಯೇ. ಒಂದೇ ಬಾಟಲಿ. ನೆಂಟ.

ಪದ್ಧತಿಯಂತೆ ರಿಸೀವರ್ ಎತ್ತಿದಳು. ಕೃತಕ ಕವಾಟ ಏನಾದರೂ ಇದೆಯೇ ಎಂದು ಒಂದು ಮಾತು ಕೇಳಬೇಕು, ಅಷ್ಟೇ. ಆದರೆ ಕೇಳಬೇಕಾದದ್ದು ಆ ಇಸ್ತ್ರಿ ದನಿಯನ್ನು. ನೋಡಿ ಹೇಳ್ತೀನಿ ಮೇಡಂ ಎನ್ನುತ್ತದೆ, ಹೇಳುವುದಿಲ್ಲ. ಅದೂ ಅಲ್ಲದೆ ಆ ನಂಬರಿಗೆ ತಾನಾಗಿ ಮತ್ತೆ ಮಾಡಿದರೆ, ರಜೆ ಮುಗಿಸಿ ಬಂದವಳಿಗೆ ಯಾರಾದರೂ, ಪಾತಾಳದವರು ದಿನಾ ನಿಮ್ಮನ್ನು ಕೇಳುತ್ತಿದ್ದರು ಎಂದು ಹೇಳಿಬಿಟ್ಟರೆ? ಅವಳು ರಿಸೀವರನ್ನು ಕೆಳಗಿಟ್ಟಳು. ಚರ್ಮದಿಂದ ಸೇರಿದ್ದಿರಬಹುದು, ಅಗತ್ಯವಿದ್ದರೆ ಮತ್ತೆ ಕಳಿಸಿ ಎಂದು ರಿಪೋರ್ಟ್ ಬರೆದಳು. ನೆಂಟನಿಗೆ ಔಷಧಿಯ ಬಿಲ್ಲೆ ಇಡುವ ಪದ್ಧತಿ ಇಲ್ಲ, ಇಡಲಿಲ್ಲ. ತಟ್ಟೆಯನ್ನು ಕಪಾಟಿನಲ್ಲಿಟ್ಟಳು. ಅವಳ ಕೆಲಸದ ಬದುಕಿನಲ್ಲಿ ಕೇಳದೆ ಬರೆದ ರಿಪೋರ್ಟ್ ಅದೊಂದೇ.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಅವಳು ಹಳೆಯ ತಟ್ಟೆಗಳನ್ನೆಲ್ಲ ಹಳದಿ ಚೀಲಕ್ಕೆ ತುಂಬಿ, ಎಸೆಯುವ ಮೊದಲು ಹಬೆಯಲ್ಲಿ ಬೇಯಿಸುವ ದೊಡ್ಡ ಕುಕ್ಕರಿನೊಳಗೆ ಇಳಿಸಿದ್ದಳು. ಮುಚ್ಚಳದ ತಿರುಪು ಹಾಕುವಷ್ಟರಲ್ಲಿ ಮೆಟ್ಟಿಲಜ್ಜ ಬಂದ. ಮಹಡಿಗಳಿಂದ ಬಾಟಲಿ ಹೊತ್ತು ತರುವ ಮುದುಕ. ಲಿಫ್ಟನ್ನು ನಂಬುವುದಿಲ್ಲವಾದ್ದರಿಂದ ಆ ಹೆಸರು. ಉಸ್ಸೆಂದು ಕೂತು ಎರಡು ಹೊಸ ಬಾಟಲಿ ಮೇಜಿನ ಮೇಲಿಟ್ಟ. ಅದೇ ಹೆಂಗಸಿನವು. ಜ್ವರ ಬಿಟ್ಟಿಲ್ಲವಂತೆ, ನಿಮ್ಮ ರಿಪೋರ್ಟ್ ನೋಡಿ ಮನೆಗೆ ಕಳಿಸೋಣ ಎಂದುಕೊಂಡಿದ್ದರಂತೆ, ಆದರೂ ಡಾಕ್ಟರಮ್ಮನಿಗೆ ಸಮಾಧಾನವಾಗದೆ ಇನ್ನೊಮ್ಮೆ ಕಳಿಸಿದ್ದಾರೆ ಎಂದ. ಆಮೇಲೆ ನೀರು ಕುಡಿದು ಬಾಯಿ ಒರೆಸಿಕೊಳ್ಳುತ್ತ ಹೇಳಿದ:

"ರಕ್ತ ತೆಗೀವಾಗ್ಲೂ ತಮಾಷೆ ಬಿಡಲ್ಲ ನೋಡಿ ಆಯಮ್ಮ. ಪಾತಾಳದಲ್ಲಿ ಎಲ್ಲ ಕ್ಷೇಮನಾ ಅಂತ ಕೇಳ್ತು."

ಪಾತಾಳದಕ್ಕನ ಕೈ ನಿಂತಿತು. ಯಾರು ಕೇಳಿದ್ದು ಎಂದಳು.

ಮುದುಕ ನಾಲಿಗೆ ಕಚ್ಚಿಕೊಂಡ. ಆದರೆ ಬಾಯಿಂದ ಬಿದ್ದದ್ದನ್ನು ಹೆಕ್ಕಿಕೊಳ್ಳುವ ಹಾಗಿರಲಿಲ್ಲ.

"ನಿಮ್ಮ ಫೋನಿನ ಸಿಸ್ಟರೇ. ಫೋನ್ ನಿಂತ ದಿನದಿಂದ ಅವರ ವಾರ್ಡಲ್ಲೇ ಅವರು ಮಲಗಿರೋದು, ಕಿಟಕಿ ಪಕ್ಕ. ನಿಮಗೆ ಹೇಳಬೇಡಿ ಅಂತ ಎಲ್ಲರಿಗೂ ಅಂದಿದ್ರು. ಗೊತ್ತಾದ್ರೆ ಅಕ್ಕನಿಗೆ ಕೈ ನಡುಗುತ್ತೆ, ಪ್ಲೇಟ್ ಸರಿಯಾಗಿ ಓದಲ್ಲ ಅಂತ."

ಅವಳು ಬಾಟಲಿಯ ಮೇಲಿನ ಹೆಸರನ್ನು ಓದಿದಳು. ಬೇರೆಯವರದ್ದೆಂದು ಒಮ್ಮೆ ಓದಿ ಬದಿಗಿಟ್ಟಿದ್ದ ಹೆಸರು. ಇಷ್ಟು ವರ್ಷ ಮಾತಾಡಿದ ದನಿಯ ಪಕ್ಕದಲ್ಲಿ ಅದನ್ನಿಟ್ಟು ನೋಡಿದಳು. ಎರಡೂ ಒಂದಕ್ಕೊಂದು ಅಂಟಲಿಲ್ಲ. ಮರುಕ್ಷಣ ಇನ್ನೊಂದು ವಿಷಯ ಹೊಳೆಯಿತು. ಫೋನಿಗೆ ಕೈ ಹಾಕಿದಳು. ಇಸ್ತ್ರಿ ದನಿ ಎತ್ತಿತು.

"ನಿಮ್ಮ ಸಿಸ್ಟರ್ ಎದೆಗೆ ಗಡಿಯಾರ ಸಿಕ್ಕಿಸಿಕೊಳ್ತಾರಾ?" ಎಂದು ಕೇಳಿದಳು.

ಇದೆಂಥ ಪ್ರಶ್ನೆ ಎಂಬಂತೆ ಉತ್ತರ ಬಂತು.

"ಇಲ್ಲ ಮೇಡಂ. ನಮ್ಮಲ್ಲಿ ಯಾರೂ ಹಾಕಲ್ಲ. ಗೋಡೇಲೊಂದಿದೆ, ಅದು ನಿಂತು ಕಾಲವಾಯ್ತು."

ಹಾಗಾದರೆ ವರ್ಷಗಟ್ಟಲೆ ಇವಳ ಕಿವಿಯಲ್ಲಿ ಟಿಕ್ ಟಿಕ್ ಎಂದದ್ದು ಗಡಿಯಾರವಲ್ಲ. ಲೋಹದ ಕವಾಟ. ಪ್ರತಿ ಬಡಿತಕ್ಕೂ ತೆರೆದು ಮುಚ್ಚಿ ಸದ್ದು ಮಾಡುವ, ಎದೆ ಸೀಳಿ ಒಳಗಿಟ್ಟ ಕವಾಟ. ಕೇಳಬೇಕಾಗಿದ್ದ ಒಂದೇ ಪ್ರಶ್ನೆಯ ಉತ್ತರ ದಿನಾ ಬೆಳಿಗ್ಗೆ ಅವಳ ಕಿವಿಗೇ ಬಂದು ಬೀಳುತ್ತಿತ್ತು. ಬೇರೆ ಯಾವ ದಿನವಾಗಿದ್ದರೂ ಅವಳು ಫೋನ್ ಮಾಡಿ ಕೇಳುತ್ತಿದ್ದಳು. ಆವತ್ತು ಮಾಡಲಿಲ್ಲ, ಅವಳು ಮುನಿಸಿಕೊಂಡಿದ್ದಳು. ಯಾರ ಮೇಲೆ ಮುನಿಸಿಕೊಂಡಿದ್ದಳೋ ಅವಳ ರಕ್ತವನ್ನೇ ಕೈಯಲ್ಲಿ ಹಿಡಿದುಕೊಂಡು ಮುನಿಸಿಕೊಂಡಿದ್ದಳು. ತನ್ನ ಮೇಲೇ ಅಷ್ಟೊಂದು ಅಸಹ್ಯ ಅವಳಿಗೆ ಹಿಂದೆಂದೂ ಹುಟ್ಟಿರಲಿಲ್ಲ.

ಡಾಕ್ಟರಮ್ಮನಿಗೆ ಫೋನ್ ಮಾಡಿ, ತನ್ನ ರಿಪೋರ್ಟ್ ನಂಬಬೇಡಿ, ಅದು ನಿಜವಾದ ರೋಗ ಎಂದೇ ತಿಳಿಯಿರಿ ಎಂದಳು. ಕೇಳದೆ ಬರೆದೆ, ತಪ್ಪು ನನ್ನದು ಎಂದಳು. ಡಾಕ್ಟರಮ್ಮ ರೇಗಲಿಲ್ಲ. ಕವಾಟದ ವಿಷಯ ಫಾರಂನಲ್ಲಿ ಬರೆಯದಿದ್ದದ್ದು ತಮ್ಮ ತಪ್ಪು, ಎದೆಯ ಸ್ಕ್ಯಾನ್‌ನಲ್ಲೂ ಕವಾಟದ ಹತ್ತಿರ ಏನೋ ಕಂಡಿದೆ ಎಂದರು. ಈಗಲೇ ಔಷಧಿ ಶುರು ಮಾಡುತ್ತೇವೆ, ಆದರೆ ಯಾವುದು ನಾಟುತ್ತದೆ ಎಂದು ನೀವೇ ಹೇಳಬೇಕು, ಬೇಗ ಹೇಳಿ ಎಂದರು.

ಹೊಸ ಬಾಟಲಿಗಳಲ್ಲಿ ಬೆಳೆಯುವವರೆಗೆ ಕಾಯುವುದೆಂದರೆ ದಿನಗಳು ಹೋಗುತ್ತವೆ. ಹಳೆಯ ತಟ್ಟೆ ಕುಕ್ಕರಿನೊಳಗಿತ್ತು. ಅವಳು ಕೈಗವಸು ಹಾಕಿಕೊಂಡು, ಬಗ್ಗಿ, ಚೀಲವನ್ನು ಎಳೆದು ತೆಗೆದು, ಒಂದೊಂದೇ ತಟ್ಟೆಯ ಬೆನ್ನು ತಿರುಗಿಸಿ ನೋಡತೊಡಗಿದಳು. ಇನ್ನೊಂದು ಗಳಿಗೆ ಮುದುಕ ತಡವಾಗಿ ಬಂದಿದ್ದರೆ ಎಲ್ಲವೂ ಬೆಂದು ಮುದ್ದೆಯಾಗಿರುತ್ತಿತ್ತು. ಅವಳ ಕೈ ನಡುಗುತ್ತಿತ್ತು. ಮಾಳಿಗೆ ತಂಗಿ ಸರಿಯಾಗಿಯೇ ಹೇಳಿದ್ದಳು. ತಟ್ಟೆ ಚೀಲದ ತಳದಲ್ಲಿ ಸಿಕ್ಕಿತು. ಮುಚ್ಚಳಕ್ಕೆ ಸುತ್ತಿದ್ದ ಟೇಪು ಬಿಟ್ಟಿರಲಿಲ್ಲ. ಒಳಗೆ ಬಿಳಿ ಚುಕ್ಕಿಗಳು ನೆಂಟರ ಮನೆಯಲ್ಲಿ ಕೂತಷ್ಟೇ ಆರಾಮವಾಗಿ ಕೂತಿದ್ದವು.

ಮೆಟ್ಟಿಲಜ್ಜನಿಗೆ, ನನಗೆ ಗೊತ್ತಾಗಿದೆ ಎಂದು ಅವಳಿಗೆ ಹೇಳಬೇಡಿ ಎಂದಳು. ಅವಳು ನಿರಾಳವಾಗಿರಲಿ. ಉತ್ತರ ಕೈಯಲ್ಲಿ ಹಿಡಿದುಕೊಂಡು ನಾನೇ ಮೇಲೆ ಬರುತ್ತೇನೆ. ಬರಿಗೈಯಲ್ಲಿ ಯಾವ ಮುಖ ಹೊತ್ತು ಹೋಗಲಿ?

ಚುಕ್ಕಿಗಳನ್ನು ತೆಗೆದು ಹೊಸ ತಟ್ಟೆಯ ತುಂಬ ಸವರಿದಳು. ಬಿಲ್ಲೆಗಳನ್ನು ಚಿಮುಟದಲ್ಲಿ ಎತ್ತಿ ಒಂದೊಂದಾಗಿ ಇಟ್ಟಳು, ಮೆಲ್ಲಗೆ ಒತ್ತಿದಳು. ಎಲ್ಲ ಔಷಧಿಗಳೂ ಸೋತಾಗ ಹಿಡಿಯುವ ಕೊನೆಯ ಔಷಧಿಯೊಂದಿದೆ; ಈ ಜಾತಿಯ ರೋಗಾಣುವಿನ ವಿಷಯದಲ್ಲಿ ಅದನ್ನು ಬಿಲ್ಲೆಯಿಂದ ಪರೀಕ್ಷಿಸಿದರೆ ನಂಬುವ ಹಾಗಿಲ್ಲ. ಅದಕ್ಕೆ ಸಾಲಾಗಿ ಕೊಳವೆಗಳನ್ನಿಟ್ಟು, ಒಂದಕ್ಕಿಂತ ಒಂದರಲ್ಲಿ ಔಷಧಿಯನ್ನು ಅರ್ಧರ್ಧ ಕಡಿಮೆ ಮಾಡುತ್ತ, ಎಲ್ಲದಕ್ಕೂ ಅದೇ ರೋಗಾಣುವನ್ನು ಬಿಡಬೇಕು. ಎಷ್ಟು ಕಡಿಮೆ ಔಷಧಿಗೆ ಅದು ಬಗ್ಗಿ ಕೊಳವೆ ತಿಳಿಯಾಗಿ ಉಳಿಯುತ್ತದೋ ಅಷ್ಟು ಒಳ್ಳೆಯದು. ಎಲ್ಲವನ್ನೂ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿದಳು, ಈ ಸಲ ಮೆಲ್ಲಗೆ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ರೋಗಾಣು ಬೆಳೆಯುವುದಕ್ಕೆ ತನ್ನಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಯಾರ ಅಕ್ಕ ಕಾಯುತ್ತಿದ್ದಾಳೆ ಎಂದು ಅದು ಕೇಳುವುದಿಲ್ಲ.

ಆ ಸಂಜೆ ಮನೆಗೆ ಹೋದರೂ ಅಡುಗೆ ಮಾಡಲಿಲ್ಲ. ಕುರ್ಚಿಯಲ್ಲಿ ಕೂತು, ಸಿಕ್ಕಾಗ ಏನು ಹೇಳುವುದು ಎಂದು ಜೋಡಿಸತೊಡಗಿದಳು. ಕ್ಯಾಂಟೀನಿಗೆ ನಾನು ಬಂದಿದ್ದೆ ಕಣೇ ಎನ್ನಬೇಕು. ನಿನ್ನ ರಿಪೋರ್ಟ್ ತಪ್ಪು ಬರೆದೆ ಎನ್ನಬೇಕು. ಯಾವುದನ್ನು ಮೊದಲು ಹೇಳಿದರೆ ಅವಳು ನಗುತ್ತಾಳೆ? ಬಾಯಿ ಬಿಟ್ಟು ಒಮ್ಮೆ ಹೇಳಿ ನೋಡಿದಳು. ಖಾಲಿ ಕೋಣೆಯಲ್ಲಿ ತನ್ನ ದನಿಯನ್ನೇ ಕೇಳಿ ಗಾಬರಿಯಾಗಿ ಸುಮ್ಮನಾದಳು.

ಮರುದಿನ ಪೆಟ್ಟಿಗೆ ತೆರೆದಾಗ ಮೊದಲು ಕಂಡದ್ದು ತಟ್ಟೆ. ಹೆಚ್ಚುಕಡಿಮೆ ಎಲ್ಲ ಬಿಲ್ಲೆಗಳ ಅಂಚಿನವರೆಗೂ ಬೆಳೆದಿತ್ತು. ಡಾಕ್ಟರುಗಳು ಮೊದಲು ಕೈ ಹಾಕುವ ಔಷಧಿಗಳೆಲ್ಲ ಅಲ್ಲಿ ಬರೀ ಕಾಗದದ ತುಂಡುಗಳು. ಅಂಗಳ ಇಲ್ಲ. ಬಡಪಾಯಿ ಎಂದು ಇಷ್ಟು ವರ್ಷ ನಗೆಯಾಡಿದ್ದು ಇವನನ್ನೇ. ಆಸ್ಪತ್ರೆಯ ಗಾಳಿಯಲ್ಲಿ, ಜನರ ಚರ್ಮದ ಮೇಲೆ, ಯಾರ ಕಣ್ಣಿಗೂ ಬೀಳದೆ ಕೂತು ಎಲ್ಲ ಔಷಧಿಗಳನ್ನೂ ಒಂದೊಂದಾಗಿ ಅರೆದು ಕುಡಿದು ಬಂದಿದ್ದ.

ಕೊಳವೆಗಳನ್ನು ಎತ್ತಿ ಬೆಳಕಿಗೆ ಹಿಡಿಯಲು ಧೈರ್ಯ ಬರಲಿಲ್ಲ. ಕೊನೆಗೆ ಹಿಡಿದಳು. ಔಷಧಿ ಇಲ್ಲದ ಕೊಳವೆ ಮಜ್ಜಿಗೆಯಂತೆ ಮಬ್ಬಾಗಿತ್ತು. ಅದರ ಪಕ್ಕದ, ಎಲ್ಲಕ್ಕಿಂತ ಕಡಿಮೆ ಔಷಧಿ ಇದ್ದದ್ದೂ ಮಬ್ಬು. ಅದರ ಪಕ್ಕದ್ದು ತಿಳಿ. ಅಲ್ಲಿಂದಾಚೆ ಸಾಲಿಡೀ ತಿಳಿನೀರು. ಕೊನೆಯ ಔಷಧಿಗೆ ಅವನು ಹೆದರುತ್ತಾನೆ, ಸ್ವಲ್ಪಕ್ಕೇ ಹೆದರುತ್ತಾನೆ. ಆ ಹೊತ್ತಿಗೆ ಹೊಸ ಬಾಟಲಿಗಳೂ ಬೀಪ್ ಎಂದಿದ್ದವು, ಎರಡೂ. ಪಾತಾಳದಕ್ಕ ಕಣ್ಣೊರೆಸಿಕೊಂಡು ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಔಷಧಿಯ ಹೆಸರನ್ನು ಎರಡು ಸಲ ಹೇಳಿದಳು. ನಿನ್ನೆಯೇ ಶುರು ಮಾಡಿದ್ದರಲ್ಲಿ ಅದೂ ಒಂದು, ಜ್ವರ ಸ್ವಲ್ಪ ತಗ್ಗಿದೆ ಎಂದರು ಅವರು. ಸರಿ, ಇದಕ್ಕೇ ಕಾಯುತ್ತಿದ್ದೆವು, ಈಗ ಉಳಿದದ್ದನ್ನೆಲ್ಲ ನಿಲ್ಲಿಸುತ್ತೇವೆ ಎಂದು ಅವಸರದಲ್ಲಿ ಫೋನ್ ಇಟ್ಟರು.

ಈಗ ಮೇಲೆ ಹೋಗಬಹುದಿತ್ತು. ಅವಳು ಕೋಟು ಕಳಚಿ ಒಗೆದ ಕೋಟು ಹಾಕಿಕೊಂಡಳು. ಬೆರಳಿನ ನೇರಳೆ ಬಣ್ಣವನ್ನು ಸ್ಪಿರಿಟ್‌ನಲ್ಲಿ ತಿಕ್ಕಿದಳು, ಪೂರ್ತಿ ಹೋಗಲಿಲ್ಲ. ಮುಖ ತೊಳೆದಳು. ಸೂಕ್ಷ್ಮದರ್ಶಕದ ಗಾಜಿನಲ್ಲಿ ಮುಖ ಕಾಣುವುದಿಲ್ಲವಾದ್ದರಿಂದ ಇನ್‌ಕ್ಯುಬೇಟರಿನ ಬಾಗಿಲಿನಲ್ಲಿ ನೋಡಿಕೊಂಡು ಕೂದಲು ಬಾಚಿದಳು. ಇಷ್ಟು ವಯಸ್ಸಾಗಿ ಹೆಣ್ಣು ನೋಡಲು ಬರುವವರೆದುರು ಹೋಗುವ ಹಾಗೆ ಆಡುತ್ತಿದ್ದೇನಲ್ಲ ಎಂದು ನಗು ಬಂತು. ಹೊರಗೆ ಬಂದು ಲಿಫ್ಟಿನ ಗುಂಡಿ ಒತ್ತಿದಳು. ಅದು ಮೇಲೆಲ್ಲೋ ನಿಂತಿತ್ತು. ಬಾಗಿಲು ಹಿಡಿದು ಯಾರೋ ಏನೋ ಹತ್ತಿಸುತ್ತಿದ್ದರು ಎನ್ನಿಸುತ್ತದೆ. ಕಾಯಲಾರದೆ ಮೆಟ್ಟಿಲು ಹತ್ತತೊಡಗಿದಳು. ಮಧ್ಯದ ಮಹಡಿಯೊಂದರಲ್ಲಿ ಉಸಿರು ಹಿಡಿಯಲು ನಿಂತಾಗ ಗೋಡೆಯ ಆಚೆ ಲಿಫ್ಟು ಕೆಳಗಿಳಿದುಹೋದದ್ದು ಕೇಳಿಸಿತು.

ನಾಲ್ಕನೇ ಮಹಡಿಯಲ್ಲಿ ನಿಜವಾಗಿಯೂ ಬಿಸಿಲಿತ್ತು. ಕಣ್ಣು ಕುಕ್ಕುವಷ್ಟು. ಬಾಗಿಲ ಹತ್ತಿರ ಒಂದು ಮೇಜು, ಅದರ ಮೇಲೆ ಫೋನು, ಮೇಲೆ ನಿಂತುಹೋದ ಗೋಡೆ ಗಡಿಯಾರ. ಕಿಟಕಿ ಪಕ್ಕದ ಹಾಸಿಗೆಯ ಬಟ್ಟೆಯನ್ನು ಒಬ್ಬ ಎಳೆಯ ಸಿಸ್ಟರ್ ಎತ್ತುತ್ತಿದ್ದಳು. ದನಿ ಕೇಳುವ ಮೊದಲೇ ಇಸ್ತ್ರಿ ದನಿ ಇವಳದೇ ಎಂದು ತಿಳಿಯಿತು.

ಪಾತಾಳದಕ್ಕ ತಾನು ಯಾರೆಂದು ಹೇಳಿದಳು. ಹುಡುಗಿಯ ಮುಖ ಬದಲಾಯಿತು. ಈಗಷ್ಟೇ ಕರೆದೊಯ್ದರು ಎಂದಳು. ಕವಾಟ ಬದಲಿಸಲು ಬೇರೆ ಊರಿನ ಹೃದಯದ ಆಸ್ಪತ್ರೆಗೆ. ಆಂಬುಲೆನ್ಸ್ ಬೆಳಿಗ್ಗೆಯಿಂದ ಕಾದಿತ್ತು. ಯಾವ ಔಷಧಿ ಎಂದು ಲ್ಯಾಬಿನಿಂದ ತಿಳಿಯದೆ ಕಳಿಸಬೇಡಿ ಎಂದು ಅಲ್ಲಿಯವರು ಹೇಳಿದ್ದರು. ನಿಮ್ಮ ಉತ್ತರ ಬಂದ ಕೂಡಲೇ ಹೊರಡಿಸಿದೆವು.

"ಹೋಗೋ ಮೊದಲು ನಿಮಗೆ ಫೋನ್ ಮಾಡಿದ್ರು ಮೇಡಂ. ಗಾಲಿಮಂಚಾನ ಇಲ್ಲಿ ಮೇಜಿನ ಹತ್ತಿರ ನಿಲ್ಲಿಸಿಕೊಂಡು. ತುಂಬ ಹೊತ್ತು ರಿಂಗ್ ಆಯ್ತು. ನೀವು ಎತ್ತಲಿಲ್ಲ."

"ಏನಂದ್ರು?" ಎಂದಳು ಪಾತಾಳದಕ್ಕ.

"ಯಾರೋ ಹೇಳಿಬಿಟ್ಟಿರಬೇಕು, ಅಕ್ಕ ನನ್ನ ಮೇಲೆ ಮುನಿಸಿಕೊಂಡಿದಾಳೆ ಅಂದ್ರು."

ಪಾತಾಳದಕ್ಕ ಮೇಜಿನ ಮೇಲಿನ ಫೋನನ್ನು ನೋಡಿದಳು. ಆಪರೇಷನ್ ದೊಡ್ಡದು ಎಂದು ಹುಡುಗಿ ಹೇಳುತ್ತಿದ್ದಳು. ಆದರೆ ಔಷಧಿ ಸಿಕ್ಕಿದೆಯಲ್ಲ ಮೇಡಂ, ಅದೇ ದೊಡ್ಡದು ಅಂತ ಡಾಕ್ಟರ್ ಅಂದ್ರು ಎನ್ನುತ್ತಿದ್ದಳು. ಒಳ್ಳೆಯ ಹುಡುಗಿ, ಇಸ್ತ್ರಿ ಎಲ್ಲ ಮೇಲಿನದಷ್ಟೇ. ಕೂತುಕೊಳ್ಳಿ ಎಂದು ಕುರ್ಚಿ ಎಳೆದಳು. ಇಷ್ಟು ವರ್ಷ ಮಾಳಿಗೆ ತಂಗಿ ಕೂತು ಮಾತಾಡಿದ ಕುರ್ಚಿ ಅದೇ ಇರಬೇಕು. ಅದರ ಮೇಲೆ ಒಂದು ತೆಳ್ಳನೆಯ ದಿಂಬು, ಕೂತು ಕೂತು ಚಪ್ಪಟೆಯಾದದ್ದು. ಪಾತಾಳದಕ್ಕ ಅದರ ಮೇಲೆ ಕೂತಳು. ಇಲ್ಲಿ ಕೂತರೆ ಕಿಟಕಿಯಾಚೆ ಮರದ ತುದಿ ಕಾಣುತ್ತದೆ, ರಸ್ತೆ ಕಾಣುತ್ತದೆ. ಬಿಸಿಲಿದೆಯಾ ಎಂದು ಕೇಳಿದಾಗಲೆಲ್ಲ ಅವಳು ನೋಡಿ ಹೇಳುತ್ತಿದ್ದದ್ದು ಇದನ್ನು.

ಅವಳು ಫೋನ್ ಎತ್ತಿ ನಂಬರ್ ಒತ್ತಿದಳು. ಆ ಕಡೆ ರಿಂಗ್ ಆಗತೊಡಗಿತು. ಸ್ವಲ್ಪ ಹೊತ್ತು ಕಿವಿಗೆ ಹಿಡಿದಿದ್ದು, ಆಮೇಲೆ ರಿಸೀವರನ್ನು ಎದೆಗೆ ಒತ್ತಿಕೊಂಡಳು.

"ಯಾರಿಗೆ ಮೇಡಂ?" ಎಂದಳು ಹುಡುಗಿ.

"ಪಾತಾಳಕ್ಕೆ."

"ಅಲ್ಲಿ ಯಾರಿದಾರೆ ಈಗ?"

"ಯಾರೂ ಇಲ್ಲ," ಎಂದಳು ಪಾತಾಳದಕ್ಕ. ಆದರೂ ಫೋನ್ ಇಡಲಿಲ್ಲ.